ಗಡಸು ನೀರು ಅಳೆಯಲು ಯಾವ ಮೀಟರ್ ತಗೊಳ್ಳಲಿ?

ಬೋರ್‌ವೆಲ್ ಸಂಸಾರ:
ನಮ್ಮ ಮನೆ ಬೆಂಗಳೂರಿನ ಅಂಚಿನಲ್ಲಿದೆ. ಕಾವೇರಿ ಇನ್ನೂ ಬಂದಿಲ್ಲ, ಬೋರ್ ನೀರೇ ಗತಿ. ಬಕೆಟ್ ಒಳಗೆಲ್ಲ ಬಿಳಿ ಪೊರೆ. ಸೋಪು ಎಷ್ಟು ಉಜ್ಜಿದರೂ ನೊರೆ ಇಲ್ಲ. ತೊಗರಿಬೇಳೆ ಐದು ಸೀಟಿ ಕೂಗಿದರೂ ಕಾಳು ಕಾಳಾಗೇ ಇರುತ್ತದೆ. ಗೀಸರ್ ಕಾಯಿಲ್ ಎರಡನೇ ಸಲ ಸುಟ್ಟಾಗ ತಲೆ ಕೆಟ್ಟು ನೀರಿನ ಗಡಸು ತೆಗೆಯುವ ಸಾಫ್ಟ್‌ನರ್ ಹಾಕಿಸಿದೆ.

ಪೆನ್ ಥರದ ಟಿಡಿಎಸ್ ಮೀಟರ್ ತರಿಸಿ ನೋಡಿದರೆ ಸಾಫ್ಟ್‌ನರ್‌ಗೆ ಮೊದಲು 820, ಆಮೇಲೆ 800. ಇಷ್ಟು ದುಡ್ಡು ಸುರಿದಿದ್ದು ಬರೀ 20ಕ್ಕಾ? ಹಾಕಿದವರನ್ನು ಕೇಳಿದರೆ "ನಿಮ್ಮ ಮೀಟರ್ರೇ ಸರಿ ಇಲ್ಲ ಮೇಡಂ" ಅಂತಾರೆ. ಒಳ್ಳೆಯ ಮೀಟರ್ ಯಾವುದು ಹೇಳಿ.

ಮೀನು ತೊಟ್ಟಿ:
ಸುಮ್ನೆ ಸ್ಟ್ರಿಪ್ ತಗೊಳ್ಳಿ. ಅದ್ದಿ, ಬಣ್ಣ ಹೋಲಿಸಿದರೆ ಆಯ್ತು. ಆದರೆ ಅಂದಾಜು ಮಾತ್ರ ಸಿಗುತ್ತದೆ.

ಹಳೇ ಪಿಪೆಟ್:
ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಮೀಟರ್ ಮೇಲೆ ತಪ್ಪು ಹೊರಿಸಬೇಡಿ ಅಮ್ಮ. ಅದು ನೋಡುವುದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅಂತ. ಅದರಿಂದ ಕರಗಿದ ಉಪ್ಪೆಲ್ಲ ಒಟ್ಟು ಇಷ್ಟು (ಅದೇ ಟಿಡಿಎಸ್) ಅಂತ ಲೆಕ್ಕ ಹಾಕುತ್ತದೆ. ಯಾವ ಉಪ್ಪು ಅನ್ನೋದು ಅದಕ್ಕೆ ಗೊತ್ತಾಗಲ್ಲ. ನೀರು ಗಡಸಾಗುವುದು ಮುಖ್ಯವಾಗಿ ಕ್ಯಾಲ್ಸಿಯಂ, ಮೆಗ್ನೀಸಿಯಂನಿಂದ. ಸಾಫ್ಟ್‌ನರ್ ಅವನ್ನು ಹಿಡಿದಿಟ್ಟುಕೊಂಡು ಸೋಡಿಯಂ ಬಿಡುತ್ತದೆ. ಒಂದು ಉಪ್ಪು ಹೋಗಿ ಇನ್ನೊಂದು ಬಂತು, ಮೀಟರ್ ಎಲ್ಲಿಂದ ಇಳಿಯಬೇಕು?

ನಿಮಗೆ ಬೇಕಿರುವುದು ಹನಿ ಹಾಕಿ ನೋಡುವ ಕಿಟ್. ನಮ್ಮ ಲ್ಯಾಬ್‌ನ ಇಡಿಟಿಎ ಟೈಟ್ರೇಷನ್‌ನ ಮರಿ ಅದು: ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಳ್ಳುವ ಇಡಿಟಿಎ ದ್ರಾವಣ ಎಷ್ಟು ಬೇಕಾಯಿತು ಅಂತ ಅಳೆಯುವುದು. ನೀರಿಗೆ ಬಫರ್ (ಪಿಎಚ್ ಸ್ಥಿರವಾಗಿಡುವ ದ್ರಾವಣ), ಇಂಡಿಕೇಟರ್ (ಬಣ್ಣ ಬದಲಿಸಿ ತೋರಿಸುವ ಸೂಚಕ) ಹಾಕಿದರೆ ದ್ರಾಕ್ಷಿ ಕೆಂಪಾಗುತ್ತದೆ. ಆಮೇಲೆ ಇಡಿಟಿಎ ಒಂದೊಂದೇ ಹನಿ, ಪ್ರತಿ ಹನಿಗೂ ಅಲ್ಲಾಡಿಸಿ. ನೇರಳೆ ಬಂದ ಕೂಡಲೇ ನಿಲ್ಲಿಸುತ್ತಾರೆ ಎಲ್ಲರೂ! ಕೆಂಪಿನ ಛಾಯೆಯೇ ಇಲ್ಲದ ನೀಲಿ ಬರಬೇಕು. ಹಿಂದೆ ಬಿಳಿ ಹಾಳೆ ಹಿಡಿದು ನೋಡಿ. ಬಾಟಲಿ ನೆಟ್ಟಗಿರಲಿ, ಓರೆಯಾದರೆ ಹನಿಯ ಗಾತ್ರ ಬದಲಾಗುತ್ತದೆ. ಒಂದು ಹನಿಗೆ ಎಷ್ಟು ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಗಡಸುತನ ಅಂತ ಕಿಟ್ ಮೇಲೇ ಇರುತ್ತದೆ.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ 200 ಪಿಪಿಎಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ. ಟಿಡಿಎಸ್ ಮೀಟರ್ ಎಸೆಯಬೇಡಿ, ಆರ್‌ಓ ಕೆಲಸ ಮಾಡ್ತಿದೆಯಾ ನೋಡಲು ಬೇಕಾಗುತ್ತದೆ.

ಬೋರ್‌ವೆಲ್ ಸಂಸಾರ:
ಸಾರ್, ಕಿಟ್ ಬಂತು. ಹನಿಗೆ 20 ಪಿಪಿಎಂ. ಬೋರ್ ನೀರಿಗೆ 23 ಹನಿ, ಅಂದರೆ 460. ಸಾಫ್ಟ್‌ನರ್ ಪಕ್ಕದ ನಲ್ಲಿಯಲ್ಲಿ ಮೊದಲ ಹನಿಗೇ ನೀಲಿ! ಆದರೆ ಅಡುಗೆಮನೆ ನಲ್ಲಿಯಲ್ಲಿ 9 ಹನಿ. ಮೂರು ಸಲ ಮಾಡಿದೆ, ಅದೇ 9.

ಹಳೇ ಪಿಪೆಟ್:
ಬೈಪಾಸ್ ವಾಲ್ವ್ ನೋಡಿ, ಅದು ತೆರೆದಿದ್ದರೆ ಬೋರ್ ನೀರು ಸಾಫ್ಟ್‌ನರ್ ಒಳಗೆ ಹೋಗದೆ ನೇರ ಮುಂದಕ್ಕೆ ಹರಿಯುತ್ತದೆ. ಪೂರ್ತಿ ಮುಚ್ಚಿದೆಯಾ?

ಬೋರ್‌ವೆಲ್ ಸಂಸಾರ:
ಅರ್ಧ ತೆರೆದೇ ಇತ್ತು ಸಾರ್. ಹಾಕಿದವರು ಹಾಗೇ ಬಿಟ್ಟು ಹೋಗಿದ್ದಾರೆ. ತಿರುಗಿಸಿ ಪೂರ್ತಿ ಮುಚ್ಚಿದೆ. ಟ್ಯಾಂಕ್‌ನಲ್ಲಿರುವ ಹಳೇ ನೀರು ಖಾಲಿಯಾದ ಮೇಲೆ ಮತ್ತೆ ಹನಿ ಹಾಕ್ತೀನಿ.