ಫೌಂಡ್ರಿ ಗಾಳಿ ಪರೀಕ್ಷೆ: ಮೇಡಂಗೆ ಕೇಳಿ (ತುಮಕೂರು ಕಾರ್ಖಾನೆ ಕೆಲಸಗಾರರ ಗುಂಪು)

ಅಂತರಸನಹಳ್ಳಿ ಫೌಂಡ್ರಿ: ಮೇಡಂ, ನಮ್ಮಲ್ಲಿ ಗಾಳಿ ಪರೀಕ್ಷೆ ಆಯ್ತು. ಮಿಷನ್ ಬಾಗಿಲ ಪಕ್ಕ ಇಟ್ಟಿದ್ದರು. ಧೂಳು ಮಿತಿಯೊಳಗಿದೆಯಂತೆ. ನಾನು ಅಚ್ಚಿಗೆ ಲೋಹ ಹುಯ್ಯುವವನು. ಸಂಜೆ ಮೂಗು ಒರೆಸಿದರೆ ಕರ್ಚೀಫ್ ಕಪ್ಪು. ಭಯ ಪಡಬೇಕಾ?

ಗಾಳಿ ಪರೀಕ್ಷಕಿ: ಆ ವರದಿ ಬಾಗಿಲ ಗಾಳಿಯದ್ದು, ನಿಮ್ಮ ಉಸಿರಿನದ್ದಲ್ಲ. ಗಾಳಿ ಎಳೆಯುವ ಪಂಪನ್ನು ನಿಮ್ಮ ಸೊಂಟಕ್ಕೆ ಕಟ್ಟಿ, ಫಿಲ್ಟರನ್ನು ಕಾಲರಿಗೆ ಸಿಕ್ಕಿಸಬೇಕು. ಮೂಗಿನಿಂದ 30 ಸೆಂ.ಮೀ. ಒಳಗೇ ಇರಬೇಕು. ಹುಯ್ಯುವ ಹೊತ್ತು ತಪ್ಪಿದರೆ ಪರೀಕ್ಷೆ ಮಾಡಿದ್ದೇ ದಂಡ.

ಧೂಳಿನ ತೂಕ ಕಮ್ಮಿ ಇದ್ದರೂ ಹೊಗೆ ಕೆಟ್ಟದ್ದಿರಬಹುದು. ಅಚ್ಚಿನ ಮರಳಿಗೆ ಕಲ್ಲಿದ್ದಲ ಪುಡಿ ಬೆರೆಸುತ್ತಾರಾ? ಕಾದ ಲೋಹ ಬಿದ್ದಾಗ ಅದರಿಂದ ಬೆಂಜೋಪೈರೀನ್‌ನಂಥವು ಏಳುತ್ತವೆ. ಡಿಎನ್‌ಎ ಕೆಡಿಸುವ ವಸ್ತುಗಳು ಅವು. ಇದಕ್ಕೆ ಏಮ್ಸ್ ಪರೀಕ್ಷೆ ಇದೆ (ಏಮ್ಸ್ ಅಂದರೆ ಆಸ್ಪತ್ರೆಯಲ್ಲ, ಅದನ್ನು ರೂಪಿಸಿದ ವಿಜ್ಞಾನಿಯ ಹೆಸರು). ಹಿಸ್ಟಿಡಿನ್ ಅನ್ನುವ ಅಮೈನೋ ಆಮ್ಲ ಕೊಡದಿದ್ದರೆ ಬೆಳೆಯದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಕ್ಕೆ ಫಿಲ್ಟರಿನಲ್ಲಿ ಸಿಕ್ಕ ಹೊಗೆಯ ಸಾರ ಹಾಕುತ್ತಾರೆ. ಜೊತೆಗೆ ಇಲಿ ಲಿವರಿನ ಸಾರ, ಯಾಕಂದರೆ ಬೆಂಜೋಪೈರೀನ್ ಲಿವರಿನ ಕಿಣ್ವ ತಾಗಿದ ಮೇಲೇ ಡಿಎನ್‌ಎಗೆ ಅಂಟುವುದು. ಡಿಎನ್‌ಎ ಬದಲಾದ ಬ್ಯಾಕ್ಟೀರಿಯಾ ಹಿಸ್ಟಿಡಿನ್ ಇಲ್ಲದೆಯೂ ಬೆಳೆದು ಬಿಳಿ ಚುಕ್ಕಿಯಾಗುತ್ತದೆ. ಎರಡು ದಿನ ಬಿಟ್ಟು ತಟ್ಟೆಯ ಮೇಲೆ ಆ ಚುಕ್ಕಿ ಎಣಿಸುತ್ತಾರೆ. ಹೊಗೆಯ ಸಾರ ಹಾಕದ ತಟ್ಟೆಗಿಂತ ತುಂಬಾ ಜಾಸ್ತಿ ಇದ್ದರೆ ಹೊಗೆ ಕೆಟ್ಟದ್ದು. ನಿಮಗೆ ಕ್ಯಾನ್ಸರ್ ಬಂದಿದೆ ಅಂತಲ್ಲ. ಆ ಹೊಗೆಯನ್ನು ಎದ್ದ ಜಾಗದಲ್ಲೇ ಎಳೆದು ಹೊರಹಾಕಬೇಕು ಅಂತ.

ಕ್ಯಾತ್ಸಂದ್ರ ವೆಲ್ಡರ್: ಸ್ಟೇನ್‌ಲೆಸ್ ಸ್ಟೀಲ್ ವೆಲ್ಡಿಂಗಿಗೂ ಇದೇನಾ?

ಗಾಳಿ ಪರೀಕ್ಷಕಿ: ಆ ಹೊಗೆಯಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂ ಲೋಹದ ವಿಷಕಾರಿ ರೂಪ) ಇರುತ್ತದೆ, ಅದನ್ನು ಬೇರೆಯಾಗಿ ಅಳೆಸಿ. ಅದರಲ್ಲಿರುವ ನಿಕ್ಕಲ್‌ನ ಕೆಡುಕು ಏಮ್ಸ್ ಪರೀಕ್ಷೆಯಲ್ಲಿ ಸರಿಯಾಗಿ ಸಿಗುವುದಿಲ್ಲ.

ಗುಬ್ಬಿ ಗೇಟ್: ಬಟ್ಟೆ ಮಾಸ್ಕ್ ಸಾಕಾ?

ಗಾಳಿ ಪರೀಕ್ಷಕಿ: ಸಾಲದು.

ಶಿರಾ ಗೇಟ್: (ಫಾರ್ವರ್ಡ್) ಊಟದ ಮೇಲೆ ಒಂದು ಅಚ್ಚು ಬೆಲ್ಲ, ರಾತ್ರಿ ಅರಿಶಿನ ಹಾಲು. 9 ದಿನದಲ್ಲಿ ಶ್ವಾಸಕೋಶ ಕ್ಲೀನ್!

ಗಾಳಿ ಪರೀಕ್ಷಕಿ: ಈ ವಾರ ಇದು ಮೂರನೇ ಸಲ. ಬೆಲ್ಲ ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಇದನ್ನು ನಂಬಿ ಮಾಸ್ಕ್ ಬಿಟ್ಟವರನ್ನು ಕಣ್ಣಾರೆ ನೋಡಿದ್ದೇನೆ. ಇಂಥ ಫಾರ್ವರ್ಡ್ ಗುಂಪಿಗೆ ಹಾಕಬೇಡಿ.

ಶಿರಾ ಗೇಟ್: ನಮ್ಮಪ್ಪ 30 ವರ್ಷ ಬೆಲ್ಲ ತಿಂದೇ ದುಡಿದರು.

ಅಂತರಸನಹಳ್ಳಿ ಫೌಂಡ್ರಿ: ನಮ್ಮ ಮಾವನೂ ತಿಂದರು ರೀ. ಈಗ ನಾಲ್ಕು ಮೆಟ್ಟಿಲು ಹತ್ತೋಕಾಗಲ್ಲ.

ಹೆಬ್ಬೂರು: ಕೆಲಸದ ಬಟ್ಟೆ ಮನೆಯಲ್ಲಿ ತೊಳೆದರೆ ಮಕ್ಕಳಿಗೆ ತೊಂದರೆನಾ ಮೇಡಂ?

ಸೂಪರ್‌ವೈಸರ್: ಹೀಗೆ ಹೆದರಿಸಿದರೆ ಕಾರ್ಖಾನೆ ಮುಚ್ಚಬೇಕಾಗುತ್ತೆ. ಆಮೇಲೆ ಸಂಬಳ ಯಾರು ಕೊಡ್ತಾರೆ?

ಕ್ಯಾತ್ಸಂದ್ರ ವೆಲ್ಡರ್: ಎಸಿ ರೂಮಲ್ಲಿ ಕೂತು ಹೇಳಬೇಡಿ ಸಾರ್. ಬಂದು ಒಂದು ಗಂಟೆ ನಿಲ್ಲಿ.

ಸೂಪರ್‌ವೈಸರ್: ಬಾಯಿ ಹಿಡಿತದಲ್ಲಿರಲಿ.

ಗಾಳಿ ಪರೀಕ್ಷಕಿ: ಇಬ್ಬರೂ ನಿಲ್ಲಿಸಿ. ಫೌಂಡ್ರಿ ಕೆಲಸ, ವೆಲ್ಡಿಂಗ್ ಹೊಗೆ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ವೆಲ್ಡಿಂಗ್ ಹೊಗೆ ಸೇರಿದ್ದು 2017ರಲ್ಲಿ. ನಾನು ಹೆದರಿಸುತ್ತಿಲ್ಲ.

ಗುಬ್ಬಿ ಗೇಟ್: ಎರಡು ಮಡಿಕೆ ಕರ್ಚೀಫ್ ಆದರೆ?

ಗಾಳಿ ಪರೀಕ್ಷಕಿ: ಸಾಲದು ಅಂದೆನಲ್ಲ. ಅಂತರಸನಹಳ್ಳಿಯವರೇ, ವರದಿಯಲ್ಲಿ ಫಿಲ್ಟರ್ ಇಟ್ಟ ಜಾಗ, ಹೊತ್ತು, ಎಷ್ಟು ಲೀಟರ್ ಗಾಳಿ ಅಂತ ಬರೆದಿದೆಯಾ?

ಅಂತರಸನಹಳ್ಳಿ ಫೌಂಡ್ರಿ: ಜಾಗ ಅನ್ನೋ ಕಡೆ ಖಾಲಿ ಇದೆ ಮೇಡಂ. ಹೊತ್ತು ಬೆಳಗ್ಗೆ 9ರಿಂದ 10. ನಾವು ಹುಯ್ಯೋದು ಮೂರು ಗಂಟೆ ಮೇಲೆ.