ಕಾರ್ ವೈರಿಂಗ್‌ಗೆ ಪ್ಲಗ್ ಬೇಡದ ಸೋಲ್ಡರಿಂಗ್ ಐರನ್: ಯಾವುದು ತಗೊಳ್ಳಲಿ?

ಪ್ರಶ್ನೆ (ತುಮಕೂರಿನಿಂದ):
ಅಣ್ಣಾ, ನಮಸ್ಕಾರ. ರಿವರ್ಸ್ ಕ್ಯಾಮೆರಾ, ಹಾರ್ನ್ ರಿಲೇ, ಫಾಗ್ ಲ್ಯಾಂಪ್ ಹಾಕೋ ಕೆಲಸ ಶುರು ಮಾಡಿ ಎಂಟು ತಿಂಗಳಾಯ್ತು. ಅಂಗಡಿ ಇಲ್ಲ, ಗಿರಾಕಿಗಳ ಮನೆ ಹತ್ರಾನೇ ಹೋಗಿ ಮಾಡಿಕೊಡ್ತೀನಿ. ಕೈಲಿರೋದು 25 ವ್ಯಾಟ್ ಸೋಲ್ಡ್ರಾನ್ ಕಂಪನಿ ಐರನ್, 230 ವೋಲ್ಟಿಂದು. ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಪ್ಲಗ್ ಹುಡುಕೋದ್ರಲ್ಲೇ ಅರ್ಧ ದಿನ ಹೋಗುತ್ತೆ, ಸೆಕ್ಯುರಿಟಿಯವರ ಹತ್ರ ಬೈಸ್ಕೊಳ್ಳೋದು ಬೇರೆ. ಆನ್‌ಲೈನಲ್ಲಿ ಮೂರು ಥರ ನೋಡಿದೆ: 8 ವ್ಯಾಟ್ ಯುಎಸ್‌ಬಿದು, ಗ್ಯಾಸ್ ತುಂಬೋದು, ಪೈನ್‌ಸಿಲ್ ಅಂತ ಇನ್ನೊಂದು. ಎಲ್ಲದರ ಮೇಲೂ 400 ಡಿಗ್ರಿ, 450 ಡಿಗ್ರಿ ಅಂತಲೇ ಬರೆದಿದಾರೆ. ಯಾವುದು ತಗೊಳ್ಳಲಿ?

ಉತ್ತರ (ಆಟೋ ಎಲೆಕ್ಟ್ರಿಷಿಯನ್, ಬೆಂಗಳೂರು):
ತಮ್ಮಾ, ಡಬ್ಬದ ಮೇಲಿನ ಡಿಗ್ರಿ ನೋಡಿ ಐರನ್ ತಗೋಬೇಡ. 60/40 ಲೆಡ್, ಅಂದ್ರೆ ಬೆಸುಗೆಯ ತವರ-ಸೀಸದ ತಂತಿ, 190 ಡಿಗ್ರಿ ಹತ್ರ ಪೂರ್ತಿ ಕರಗುತ್ತೆ, ಬಿಟ್ (ಐರನ್ನಿನ ತುದಿ) 350ರಲ್ಲಿದ್ರೆ ಧಾರಾಳ. ಆದರೆ ತಾಮ್ರದ ವೈರಿಗೆ ಬಿಟ್ ತಗುಲಿಸಿದ ಕ್ಷಣದಿಂದ ಅದು ಬಿಸೀನ ಎಳೀತಾನೇ ಇರುತ್ತೆ. ಎಳೆದಷ್ಟನ್ನ ಐರನ್ ಮತ್ತೆ ತುಂಬಿಕೊಡಬೇಕು, ಅದಕ್ಕೆ ವ್ಯಾಟ್ ಬೇಕು.

8 ವ್ಯಾಟಿಂದನ್ನ ಕ್ಯಾಮೆರಾದ ತೆಳು ವೈರಿಗೆ ಹಿಡಿದ್ರೆ ಹೇಗೋ ಆಗುತ್ತೆ. ಫಾಗ್ ಲ್ಯಾಂಪಿನ 2.5 ಸ್ಕ್ವೇರ್ ಎಂಎಂ ವೈರಿಗೆ ಹಿಡಿದು ನೋಡು. ಲೆಡ್ ಎಳೆಗಳ ಒಳಗೆ ಇಳಿಯಲ್ಲ, ಮೇಲೆ ಸಾಬಕ್ಕಿ ಥರ ಗುಂಡಗೆ ಕೂತ್ಕೊಳ್ಳುತ್ತೆ. ಇನ್ನೊಂದು ಸ್ವಲ್ಪ ಹೊತ್ತು ಅಂತ ನೀನು ಒತ್ತಿ ಹಿಡೀತೀಯ, ಅಷ್ಟರಲ್ಲಿ ಇನ್ಸುಲೇಶನ್ ಮೆತ್ತಗಾಗಿ ಹಿಂದಕ್ಕೆ ಸರಿದಿರುತ್ತೆ. ಕಡಿಮೆ ವ್ಯಾಟಿನ ಐರನ್ನೇ ವೈರ್ ಜಾಸ್ತಿ ಸುಡೋದು.

ಗ್ಯಾಸಿಂದು ನಾನೇ ಆರು ವರ್ಷ ಇಟ್ಕೊಂಡಿದ್ದೆ. ಲೈಟರಿಗೆ ತುಂಬೋ ಬ್ಯೂಟೇನ್ ಸಾಕು, ಒಂದೇ ನಿಮಿಷದೊಳಗೆ ಕಾಯುತ್ತೆ, ದಪ್ಪ ವೈರಿಗೂ ಹೆದರಲ್ಲ. ತೊಂದರೆ ಏನಂದ್ರೆ ಬಿಟ್ ಪಕ್ಕದಲ್ಲಿ ಒಂದು ಸಣ್ಣ ಕಿಂಡಿ ಇರುತ್ತೆ, ಉರಿದ ಗ್ಯಾಸಿನ ಬಿಸಿಗಾಳಿ ಹೊರಗೆ ಬರೋದು ಅಲ್ಲಿಂದ. ಒಂದು ಸಲ ಸ್ಟೀರಿಂಗ್ ಕೆಳಗೆ ತಲೆ ತೂರಿಸಿ ಜಾಯಿಂಟ್ ಹಾಕ್ತಿದ್ದೆ. ಕಣ್ಣೆಲ್ಲಾ ಬಿಟ್ ಮೇಲೆ. ಕಿಂಡಿ ಇದ್ದದ್ದು ಪಕ್ಕದ ಹಾರ್ನೆಸ್, ಅಂದ್ರೆ ವೈರ್ ಕಟ್ಟಿನ ಕಡೆಗೆ. ವಾಸನೆ ಬಂದು ನೋಡೋ ಹೊತ್ತಿಗೆ ಟೇಪ್ ಕರಗಿ, ಒಳಗಿನ ಮೂರು ವೈರ್ ಮೈಬಿಟ್ಟುಕೊಂಡಿದ್ವು. ಮುನ್ನೂರು ರೂಪಾಯಿ ಕೆಲಸಕ್ಕೆ ಮಧ್ಯಾಹ್ನದ ಊಟಾನೂ ಬಿಟ್ಟು ಇಡೀ ದಿನ ಕೂತೆ. ಅವತ್ತಿಂದ ಅದನ್ನ ಬಾನೆಟ್ ಕೆಳಗೆ, ಜಾಗ ಇರೋ ಕಡೆ ಮಾತ್ರ ತೆಗೀತಿದ್ದೆ. ಅಲ್ಲೂ ಪೆಟ್ರೋಲ್, ಸಿಎನ್‌ಜಿ ವಾಸನೆ ಇದ್ರೆ ಅಥವಾ ಬ್ಯಾಟರಿ ಚಾರ್ಜ್ ಆಗ್ತಿದ್ರೆ ಹಚ್ಚಲೇಬೇಡ.

ನಿನ್ನ ಕೆಲಸಕ್ಕೆ ಪೈನ್‌ಸಿಲ್ ಥರದ್ದೇ ಸರಿ, ಅಂದ್ರೆ ಟೈಪ್ ಸಿ ಕೇಬಲಲ್ಲಿ ಓಡೋ, ಬಿಸಿ ಹೆಚ್ಚು ಕಮ್ಮಿ ಮಾಡೋಕೆ ಬರೋ ಸಣ್ಣ ಐರನ್.  ಗೋಡೆ ಪ್ಲಗ್ ಬೇಡ, ಆದ್ರೆ ಪೂರ್ತಿ ವೈರ್ ಇಲ್ಲದ್ದೂ ಅಲ್ಲ. ಪವರ್ ಬ್ಯಾಂಕನ್ನ ಜೇಬಲ್ಲಿಟ್ಟು ಅಲ್ಲಿಂದ ಕೇಬಲ್ ಎಳ್ಕೋಬೇಕು. ಕೇಬಲ್ ಸಿಲಿಕೋನಿಂದೇ ತಗೋ, ಮಾಮೂಲಿ ಕೇಬಲಿಗೆ ಬಿಟ್ ತಗುಲಿದ್ರೆ ಕರಗುತ್ತೆ. ಕೆಳಗಿಟ್ಟು ಮರೆತ್ರೆ ತಾನಾಗೇ ಬಿಸಿ ಇಳಿಸ್ಕೊಳ್ಳುತ್ತೆ. ಹಾಗಂತ ಸೀಟ್ ಮೇಲೆ ಇಡಬೇಡ, ಅದು ಇಳಿಸ್ಕೊಳ್ಳೋದು ಸ್ವಲ್ಪ ಹೊತ್ತಾದ ಮೇಲೆ.

ಇನ್ನೊಬ್ಬ ಸದಸ್ಯರು (ಹಾಸನ):
ಸಾರ್, ಪವರ್ ಬ್ಯಾಂಕ್ ಯಾಕೆ? ಪೈನ್‌ಸಿಲ್ 12 ವೋಲ್ಟಿಗೂ ಓಡುತ್ತಲ್ಲ, ಕಾರ್ ಬ್ಯಾಟರಿಗೇ ಕೊಟ್ರೆ ಆಯ್ತು.

ಉತ್ತರ:
ಓಡೋದೇನೋ ಓಡುತ್ತೆ. ಲೆಕ್ಕ ಹಾಕಿ ನೋಡಿ. ಅದರ ಮಾಮೂಲಿ ಬಿಟ್ಟಿನ ರೆಸಿಸ್ಟೆನ್ಸ್ ಸುಮಾರು 8 ಓಮ್. 12 ವೋಲ್ಟ್ ಕೊಟ್ರೆ 12ನ್ನ 12ರಿಂದ ಗುಣಿಸಿ 8ರಿಂದ ಭಾಗಿಸಿ, 18 ವ್ಯಾಟ್. 20 ವೋಲ್ಟ್ ಕೊಡೋ ಪವರ್ ಬ್ಯಾಂಕಿಗೆ ಹಾಕಿದ್ರೆ 50 ವ್ಯಾಟ್. ಐರನ್ ಅದೇ, ಬಿಟ್ಟೂ ಅದೇ. 12ರಲ್ಲಿ ಹಾಕಿ "ಈ ಪೈನ್‌ಸಿಲ್ ದಂಡ" ಅಂತ ಮೂಲೆಗೆಸೆದವರು ನನಗೇ ಇಬ್ಬರು ಗೊತ್ತು.

ಕಾರ್ ಬ್ಯಾಟರಿಯಿಂದಲೇ ಬೇಕು ಅಂದ್ರೆ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಮೊಸಳೆ ಕ್ಲಿಪ್ ಇರೋ, 12 ವೋಲ್ಟಿಗೇ ಅಂತ ಮಾಡಿದ 40 ವ್ಯಾಟ್ ಐರನ್ ಕೇಳಿ. ಮೂರೂವರೆ ಆಂಪಿಯರ್ ಒಳಗೇ ಎಳೆಯುತ್ತೆ. ಬಿಸಿ ಹೆಚ್ಚು ಕಮ್ಮಿ ಮಾಡೋಕೆ ಬರಲ್ಲ, ನೋಡೋಕೂ ಒರಟು, ಆದ್ರೆ ಕೊಟ್ಟ ಕಾಸಿಗೆ ಮೋಸ ಇಲ್ಲ. ಕಾರಿನ ನೆಗೆಟಿವ್ ಕೇಬಲ್ ಬಿಚ್ಚಿಟ್ಟು ಕ್ಲಿಪ್ಪನ್ನ ಬ್ಯಾಟರಿಯ ಎರಡು ಟರ್ಮಿನಲ್‌ಗೇ ಹಾಕಿ. ಕ್ಲಿಪ್ ಹತ್ರ ಒಂದು 5 ಆಂಪಿಯರ್ ಫ್ಯೂಸ್ ಸೇರಿಸ್ಕೊಳ್ಳಿ.

ಮತ್ತೊಬ್ಬ ಸದಸ್ಯರು (ಹುಬ್ಬಳ್ಳಿ):
ಕಂಪನಿ ಹಾರ್ನೆಸ್ಸಿನಾಗ ನೋಡ್ರಿ, ಎಲ್ಲಾ ಕಡೆ ಕ್ರಿಂಪ್ (ಲೋಹದ ತೋಳು ಒತ್ತಿ ಹಿಡಿಸಿದ ಜಾಯಿಂಟ್) ಇರ್ತದ. ಕಾರಿಗೆ ಸೋಲ್ಡರ್ ಮಾಡೋದ ತಪ್ಪು ಅಂತಾರಲ್ರೀ?

ಉತ್ತರ:
ಅದು ಅರ್ಧ ನಿಜ ಸಾರ್. ಲೆಡ್ ಎಳೆಗಳ ನಡುವೆ ಹರಿದು ಇನ್ಸುಲೇಶನ್ ಒಳಗೂ ಸ್ವಲ್ಪ ದೂರ ಹೋಗಿ ಗಟ್ಟಿಯಾಗುತ್ತೆ. ಗಟ್ಟಿ ಭಾಗ ಮುಗಿದು ಮೆತ್ತಗಿನ ವೈರ್ ಶುರುವಾಗೋ ಜಾಗದಲ್ಲೇ ಅದು ಅಲುಗಾಡಿ ಅಲುಗಾಡಿ ತುಂಡಾಗೋದು. ಅದಕ್ಕೇ ಎಂಜಿನ್ ಮೇಲೆ, ಬಾಗಿಲ ಸಂದಿಯಲ್ಲಿ, ಡಿಕ್ಕಿಯ ಹಿಂಜ್ ಹತ್ರ ನಾನೂ ಸೋಲ್ಡರ್ ಮಾಡಲ್ಲ. ಅಲ್ಲಿಗೆ ಒಳ್ಳೇ ಟೂಲಲ್ಲಿ ಒತ್ತಿದ ಕ್ರಿಂಪೇ. ಡ್ಯಾಶ್ ಒಳಗೆ ಅಲುಗಾಡದ ಜಾಗದಲ್ಲಿ ಸೋಲ್ಡರ್ ಮಾಡಿ, ಒಳಗೆ ಅಂಟು ಇರೋ ಹೀಟ್ ಶ್ರಿಂಕ್ ಸ್ಲೀವನ್ನ (ಬಿಸಿಗೆ ಕುಗ್ಗಿ ಬಿಗಿಯಾಗೋ ಕೊಳವೆ) ಜಾಯಿಂಟಿನ ಎರಡೂ ಕಡೆ ಒಂದು ಬೆರಳಗಲ ಮುಂದಕ್ಕೆ ಬರೋ ಹಾಗೆ ಹಾಕಿ, ಟೈ ಹಾಕಿ ಬಿಗಿದ್ರೆ ಚೆನ್ನಾಗೇ ಬಾಳಿಕೆ ಬರುತ್ತೆ.

ಹಳೇ ಕಾರಲ್ಲಿ ವೈರ್ ಸುಲಿದಾಗ ತಾಮ್ರ ಕಪ್ಪಗಿದ್ರೆ ಯಾವ ಐರನ್ ತಂದ್ರೂ ಲೆಡ್ ಹಿಡಿಯಲ್ಲ. ಹೊಳೆಯೋ ತಾಮ್ರ ಕಾಣೋವರೆಗೂ ಕತ್ತರಿಸಿ. ಲೆಡ್ ಹಿಡೀಲಿ ಅಂತ ಪೈಪ್ ಕೆಲಸಕ್ಕೆ ಹಚ್ಚೋ ಆಸಿಡ್ ಫ್ಲಕ್ಸ್ ಮುಟ್ಟಲೇಬೇಡಿ, ಒಳಗೊಳಗೇ ವೈರನ್ನ ತಿಂದುಬಿಡುತ್ತೆ. ರೋಸಿನ್ ಇರೋ ಲೆಡ್ಡೇ ಸಾಕು.

ತಮ್ಮಾ, ನಿನಗೆ ಇನ್ನೊಂದು. ಸ್ಟೀರಿಂಗ್ ಕೆಳಗೆ ಹಳದಿ ಕನೆಕ್ಟರ್, ಹಳದಿ ತೋಳಿನ ವೈರ್ ಕಂಡ್ರೆ ಅದು ಏರ್‌ಬ್ಯಾಗಿಂದು. ಕ್ರಿಂಪೂ ಬೇಡ, ಸೋಲ್ಡರೂ ಬೇಡ, ಕೈಯೇ ಹಾಕಬೇಡ. ಇವಿ, ಹೈಬ್ರಿಡ್‌ಗಳಲ್ಲಿ ಕಿತ್ತಳೆ ಕೇಬಲ್ಲಿಗೂ ಅದೇ ಮಾತು.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಅಣ್ಣಾ. ಮನೇಲಿ 20000 ಎಂಎಎಚ್ ಪವರ್ ಬ್ಯಾಂಕ್ ಇದೆ, 22.5 ವ್ಯಾಟ್ ಅಂತ ಬರೆದಿದೆ. ಅದೇ ಸಾಕಲ್ವಾ?

ಉತ್ತರ:
20000 ಅನ್ನೋದು ಎಷ್ಟು ಹೊತ್ತು ಬರುತ್ತೆ ಅಂತ ಹೇಳೋದು, ಎಷ್ಟು ಜೋರಾಗಿ ಕೊಡುತ್ತೆ ಅಂತಲ್ಲ. ಅದನ್ನ ತಿರುಗಿಸಿ ಸಣ್ಣಕ್ಷರದಲ್ಲಿ ಔಟ್‌ಪುಟ್ ಅಂತ ಇರೋ ಸಾಲು ಓದು. 5, 9, 12 ವೋಲ್ಟಿಗೇ ನಿಂತಿದ್ರೆ ಹಾಸನದವರಿಗೆ ಹೇಳಿದ 18 ವ್ಯಾಟ್ ಕಥೇನೇ. ಟೈಪ್ ಸಿ ಪೋರ್ಟಲ್ಲಿ ಪಿಡಿ (ಪವರ್ ಡೆಲಿವರಿ), 20 ವೋಲ್ಟ್, 3.25 ಆಂಪಿಯರ್ ಅಂತ ಇರಬೇಕು, ಅಂದ್ರೆ 65 ವ್ಯಾಟಿಂದು. ನಿನ್ನ ಹತ್ರ ಲ್ಯಾಪ್‌ಟಾಪಿನ 65 ವ್ಯಾಟ್ ಟೈಪ್ ಸಿ ಚಾರ್ಜರ್ ಇದ್ರೆ ಮೊದಲು ಐರನ್ ಮಾತ್ರ ತಗೊಂಡು ಮನೇಲಿ ಅದಕ್ಕೇ ಹಾಕಿ ಕೈ ಪಳಗಿಸ್ಕೋ. ಪವರ್ ಬ್ಯಾಂಕ್ ಮುಂದಿನ ತಿಂಗಳು ನೋಡೋಣ. ತಗೊಳ್ಳೋಕೆ ಮುಂಚೆ ಆ ಔಟ್‌ಪುಟ್ ಸಾಲಿನ ಫೋಟೋ ಇಲ್ಲಿ ಹಾಕು.