ಈಜು ಸ್ಪರ್ಧೆಯ ಬ್ಲಾಕ್ ಡೈವ್ (ಆರಂಭದ ಕಟ್ಟೆಯಿಂದ ನೀರಿಗೆ ಹಾರುವುದು): ತೊಡೆ ನೀರಿಗೆ ಬಡಿಯುತ್ತೆ, ಗಾಗಲ್ಸ್ ಜಾರುತ್ತೆ. ಎಲ್ಲಿಂದ ತಿದ್ದಬೇಕು?

ಪ್ರಶ್ನೆ:
14 ವರ್ಷದ ಹುಡುಗಿ, 50 ಮತ್ತು 100 ಮೀಟರ್ ಫ್ರೀಸ್ಟೈಲ್. ಬೀಪ್ ಕೇಳಿದ ಕೂಡಲೇ ಚುರುಕಾಗಿಯೇ ಹೊರಡುತ್ತಾಳೆ. ಆದರೆ ನೀರಿಗೆ ಬೀಳುವಾಗ ತೊಡೆ ಪಟ್ ಅಂತ ಬಡಿಯುತ್ತೆ, ಗಾಗಲ್ಸ್ ಜಾರುತ್ತೆ, 15 ಮೀಟರ್ ಹೊತ್ತಿಗೆ ಪಕ್ಕದ ಲೇನಿನವರು ಅರ್ಧ ಮೈ ಮುಂದಿರುತ್ತಾರೆ. ಬ್ಲಾಕಿಗೆ ಕಿಕ್ ಪ್ಲೇಟ್ (ಹಿಂದಿನ ಪಾದ ಒತ್ತಿ ಒದೆಯಲು ಇರುವ ಓರೆ ಹಲಗೆ) ಇದೆ. ಗಾಗಲ್ಸ್ ಬಿಗಿ ಮಾಡಿದರೂ ಪ್ರಯೋಜನ ಆಗಿಲ್ಲ.

ಉತ್ತರ 1:
ತೊಂದರೆ ಕಾಣೋದು ನೀರಿನಲ್ಲಿ, ಹುಟ್ಟೋದು ಬ್ಲಾಕ್ ಮೇಲೆ. ಪಕ್ಕದಿಂದ ವಿಡಿಯೋ ತೆಗೆದು, 'ಟೇಕ್ ಯುವರ್ ಮಾರ್ಕ್ಸ್' (ಬೀಪ್‌ಗೆ ಮೊದಲು ಸಿದ್ಧರಾಗಲು ಕೊಡುವ ಸೂಚನೆ) ಆದ ಕ್ಷಣದಲ್ಲಿ ನಿಲ್ಲಿಸಿ ನೋಡಿ. ಸೊಂಟ ತಲೆಗಿಂತ ಎತ್ತರದಲ್ಲಿರಬೇಕು. ಮುಂದಿನ ಪಾದದ ಬೆರಳುಗಳು ಬ್ಲಾಕಿನ ಅಂಚನ್ನು ಕಚ್ಚಿ ಹಿಡಿದಿರಬೇಕು. ಹಿಂದಿನ ಪಾದದ ಮುಂಭಾಗ ಪ್ಲೇಟ್ ಮೇಲೆ, ಹಿಮ್ಮಡಿ ಎತ್ತಿ, ಮಂಡಿ ಸುಮಾರು 90 ಡಿಗ್ರಿ. ಪ್ಲೇಟನ್ನು ತೀರಾ ಹಿಂದಕ್ಕೆ ಇಟ್ಟರೆ ಕಾಲು ಮೊದಲೇ ನೀಟಿಕೊಂಡಿರುತ್ತೆ, ಒದೆಯೋಕೆ ಏನೂ ಉಳಿಯಲ್ಲ.

ಬೀಪ್ ಬಂದಾಗ ಮೊದಲ ಕೆಲಸ ಕೈಗಳದ್ದು: ಅಂಚನ್ನು ಹಿಂದಕ್ಕೆ ಎಳೆದು ಮೈಯನ್ನು ಮುಂದಕ್ಕೆ ತಳ್ಳಬೇಕು. ಆಮೇಲೆ ಹಿಂದಿನ ಕಾಲು, ಕೊನೆಗೆ ಮುಂದಿನ ಕಾಲು. ತೊಡೆ ಬಡಿಯುವವರಲ್ಲಿ ಹೆಚ್ಚಿನವರು ನೀರು ಮುಟ್ಟುವ ತನಕ ಮುಂದೆಯೇ ನೋಡುತ್ತಿರುತ್ತಾರೆ. ತಲೆ ಎತ್ತಿದ್ದರೆ ಸೊಂಟ ಇಳಿಯುತ್ತೆ, ಮೈ ಚಪ್ಪಟೆಯಾಗಿ ಬೀಳುತ್ತೆ. ಗಾಳಿಯಲ್ಲೇ ಗಲ್ಲ ಒಳಗೆ ಎಳೆದುಕೊಂಡು, ಕಿವಿ ಎರಡು ತೋಳುಗಳ ನಡುವೆ ಸೇರಬೇಕು. ಕೈ ಹೋದ ಜಾಗದಲ್ಲೇ ತಲೆ, ಸೊಂಟ, ಕಾಲು ಹೋಗಬೇಕು. ಗಾಗಲ್ಸ್ ಸಮಸ್ಯೆಯೂ ಬಹುಪಾಲು ಇಲ್ಲೇ ಮುಗಿಯುತ್ತೆ.

ಉತ್ತರ 2:
ಮೇಲಿನದು ಸರಿ, ಆದರೆ ಒಂದು ಎಚ್ಚರಿಕೆ. ಚಪ್ಪಟೆ ಡೈವ್ ತಿದ್ದಲು ಹೊರಟ ಮಕ್ಕಳು ಮೊದಲ ಕೆಲವು ಸಲ ಕಡಿದಾಗಿ ಕೆಳಗೆ ಹೋಗಿಬಿಡುತ್ತಾರೆ. ಆಳ ಕಡಿಮೆ ಇರುವ ಕಡೆ ಇದನ್ನು ಖಂಡಿತ ಮಾಡಿಸಬೇಡಿ. ಬ್ಲಾಕ್ ಇರುವಲ್ಲಿ ಗೋಡೆಯಿಂದ 1 ಮೀಟರಿನಿಂದ 6 ಮೀಟರ್ ವರೆಗೆ ಕನಿಷ್ಠ 1.35 ಮೀಟರ್ ಆಳ ಇರಬೇಕು ಅನ್ನೋದು ಅಂತರರಾಷ್ಟ್ರೀಯ ನಿಯಮ. ಕಲಿಕೆಗೆ ಅದೂ ಸಾಲದು, 2 ಮೀಟರ್ ಇರಲಿ.

ಅಭ್ಯಾಸಕ್ಕೆ: ನೀರಿನ ಮೇಲೆ ಫೋಮ್ ನೂಡಲ್ (ತೇಲುವ ಉದ್ದನೆಯ ಮೆತ್ತನೆ ಕೋಲು) ಅಡ್ಡ ತೇಲಿಬಿಟ್ಟು, ಅದನ್ನು ದಾಟಿ ಇಳಿಯಲು ಹೇಳಿ. ಸಲೀಸಾದಂತೆ ದೂರ ಸರಿಸಿ. ವಾರ್ಮ್‌ಅಪ್ ಆದ ಮೇಲೆ, ಕಾಲು ದಣಿಯುವ ಮೊದಲು, 6ರಿಂದ 8 ಡೈವ್ ಸಾಕು.

ಉತ್ತರ 3:
15 ಮೀಟರಿಗೆ ಹಿಂದೆ ಬೀಳೋದಕ್ಕೆ ಇನ್ನೊಂದು ಕಾರಣ ನೀರೊಳಗಿರಬಹುದು. ಇಳಿದ ಕೂಡಲೇ ದೊಡ್ಡ ಡಾಲ್ಫಿನ್ ಕಿಕ್ (ಎರಡೂ ಕಾಲು ಜೋಡಿಸಿ ಒಟ್ಟಿಗೆ ಬಡಿಯುವುದು) ಹೊಡೆಯುತ್ತಾಳಾ ನೋಡಿ. ಆಗ ಮೈಯ ವೇಗ ಕಿಕ್ ಕೊಡಬಲ್ಲ ವೇಗಕ್ಕಿಂತ ಜಾಸ್ತಿ ಇರುತ್ತೆ, ಮಡಚಿದ ಮಂಡಿ ಬ್ರೇಕ್ ಹಾಕುತ್ತೆ. ಕ್ಷಣಕಾಲ ನೀಟಾಗಿ ಜಾರಲು ಬಿಟ್ಟು, ಆಮೇಲೆ ಸಣ್ಣ, ವೇಗದ ಕಿಕ್. ಫ್ರೀಸ್ಟೈಲ್‌ನಲ್ಲಿ ತಲೆ 15 ಮೀಟರ್ ಗುರುತಿನೊಳಗೆ ಮೇಲೆ ಬರಲೇಬೇಕು, ಆದರೆ ಅಲ್ಲಿವರೆಗೂ ಎಳೆಯಬೇಕಿಲ್ಲ. ಕಿಕ್ ದುರ್ಬಲವಾಗಿದ್ದರೆ 10 ಮೀಟರಿಗೇ ಎದ್ದು ಈಜೋದು ಲಾಭ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ. ವಿಡಿಯೋದಲ್ಲಿ ನೋಡಿದೆ, ನೀರು ಮುಟ್ಟುವವರೆಗೂ ತಲೆ ಮೇಲೇ ಇದೆ. ಪ್ಲೇಟ್ ಇಲ್ಲದ ಬ್ಲಾಕ್ ಸಿಕ್ಕರೆ?

ಉತ್ತರ 1:
ನಿಲುವು ಅದೇ, ಹಿಂದಿನ ಪಾದ ಬ್ಲಾಕಿನ ಇಳಿಜಾರಿನ ಮೇಲೆ. ಹಿಂದಿನ ಒದೆತ ಕಡಿಮೆಯಾಗುವುದರಿಂದ ಕೈಯ ಎಳೆತಕ್ಕೆ ಜಾಸ್ತಿ ಕೆಲಸ. ಆದರೆ ಎಳೆಯುವ ಆತುರದಲ್ಲಿ ಬೀಪ್‌ಗೆ ಮೊದಲೇ ಅಲುಗಾಡಿ ಹೊರಟರೆ ಅನರ್ಹತೆ, ಎರಡನೇ ಅವಕಾಶ ಇಲ್ಲ. ಮಾರ್ಕ್ಸ್ ಆದ ಮೇಲೆ ಕದಲದೆ ನಿಲ್ಲುವುದನ್ನೂ ಅಭ್ಯಾಸ ಮಾಡಿಸಿ, ಬೀಪನ್ನು ಒಮ್ಮೆ ಬೇಗ, ಒಮ್ಮೆ ತಡವಾಗಿ ಕೊಟ್ಟು.